ಕೋಡಿಂಬಾಳದ ಹಳದಿ ಪಟ್ಟೆಗಳು

ಹಾಜಿಯವರ ಫೋನ್ ಬಂದಾಗ ನಾನು ಬೆಟ್ಟಂಪಾಡಿಯ ನಮ್ಮ ನರ್ಸರಿಯಲ್ಲಿ ಪ್ಲಾಸ್ಟಿಕ್ ತೊಟ್ಟೆಗಳಿಗೆ ಮಣ್ಣು ತುಂಬಿಸುತ್ತಾ ಕೂತಿದ್ದೆ. ಕೈಯೆಲ್ಲ ಮಣ್ಣು. ಬೆರಳ ಗಿಣ್ಣಿನಿಂದಲೇ ಸ್ಪೀಕರ್ ಒತ್ತಿದೆ.

“ಮೇಡಂ, ನಿಮ್ಮ ಗಿಡಗಳಿಗೆ ಕಾಮಾಲೆ ಬಂದ ಹಾಗೆ ಕಾಣ್ತದೆ ಮಾರಾಯ್ರೆ. ಒಮ್ಮೆ ಬಂದು ನೋಡ್ತೀರಾ?”

“ನೀರು ಜಾಸ್ತಿ ಆಗಿರ್ಬೇಕು. ಎರಡು ದಿನ ನಿಲ್ಲಿಸಿ, ಸರಿಯಾಗ್ತದೆ,” ಎಂದೆ.

ನೋಡದೆ ಹೇಳಿದ ಮಾತು. ಇಪ್ಪತ್ತು ವರ್ಷ ಗಿಡ ಮಾರಿದವರಿಗೆ ಒಂದು ರೋಗ ಅಂಟಿಕೊಳ್ಳುತ್ತದೆ, ಫೋನಿನಲ್ಲೇ ಎಲೆ ಕಾಣುವ ರೋಗ. ನನಗೂ ಅಂಟಿಕೊಂಡಿತ್ತು. ಪುತ್ತೂರಿನಿಂದ ಕಡಬದವರೆಗೆ ಯಾರದಾದರೂ ಮಲ್ಲಿಗೆ ಮುದುಡಿದರೆ, ಗುಲಾಬಿ ಒಣಗಿದರೆ ನನಗೆ ಫೋನ್ ಬರುತ್ತಿತ್ತು. ನಾನು ಹೇಳಿದ್ದು ಹೆಚ್ಚಿನ ಸಲ ಸರಿಯಾಗುತ್ತಿತ್ತು. ಅದರಿಂದ ಬಾಯಿ ಇನ್ನಷ್ಟು ಜೋರಾಯಿತು. ನನ್ನ ಬಾಯಿ ಮೊದಲಿನಿಂದಲೂ ಸಣ್ಣದಲ್ಲ.

ಹಾಜಿಯವರದು ಕಡಬದ ಹತ್ತಿರ ಕೋಡಿಂಬಾಳದಲ್ಲಿ ಹೊಸ ಮನೆ. ಬಹಳ ವರ್ಷ ಗಲ್ಫಿನಲ್ಲಿ ವ್ಯಾಪಾರ ಮಾಡಿ ಊರಿಗೆ ಬಂದು ನೆಲೆಸಿದ ಬ್ಯಾರಿ ಕುಟುಂಬ. ಎಲ್ಲರೂ ಅಂಗಳಕ್ಕೆ ಇಂಟರ್‌ಲಾಕ್ ಹಾಕುವ ಈ ಕಾಲದಲ್ಲಿ ಅವರು, “ನನ್ನ ಉಮ್ಮನಿಗೆ ಸಿಟೌಟಿನಲ್ಲಿ ಕೂತರೆ ಹಸಿರು ಕಾಣ್ಬೇಕು, ಕಲ್ಲು ಬೇಡ,” ಎಂದಿದ್ದರು. ಉಮ್ಮ ಎಂದರೆ ಅವರ ತಾಯಿ, ಮಂಡಿ ನೋವಿನವರು. ದಿನದ ಹೆಚ್ಚಿನ ಹೊತ್ತು ಅವರು ಸಿಟೌಟಿನ ಕುರ್ಚಿಯಲ್ಲೇ ಇರುವುದು. ನಾನು ಅಂಗಳದಲ್ಲಿ ನಾಲ್ಕು ಸಾಲು ಹಾಸುಗಲ್ಲಿನ ಕಾಲುದಾರಿ ಮಾಡಿಸಿ, ಉಳಿದ ಜಾಗಕ್ಕೆಲ್ಲ ನೆಲಗಡಲೆ ಜಾತಿಯ ಹಬ್ಬುಗಿಡ ನೆಡಿಸಿದ್ದೆ. ಎಲೆ ನೆಲಗಡಲೆಯದ್ದೇ, ಕಾಯಿ ಬಿಡುವುದು ಅಪರೂಪ. ನೆಲಕ್ಕೆ ಅಂಟಿಕೊಂಡು ಹಬ್ಬಿ ಚಿಕ್ಕ ಚಿಕ್ಕ ಹಳದಿ ಹೂ ಬಿಡುತ್ತದೆ. ನಮ್ಮ ಮಣ್ಣಿಗೆ ಚೆನ್ನಾಗಿ ಒಗ್ಗುವ ಗಿಡ, ಸಾಯಿಸಬೇಕೆಂದರೂ ಸುಲಭದಲ್ಲಿ ಸಾಯುವುದಿಲ್ಲ.

ಮಳೆ ಬಿಟ್ಟ ಮೇಲೆ ನೆಟ್ಟೆವು. ನೆಟ್ಟೆವು ಎಂದರೆ ನಾನಲ್ಲ. ನಮ್ಮಲ್ಲಿ ನೆಡುವ ಕೆಲಸ ಒಬ್ಬಳದ್ದೇ. ಸುಳ್ಯದಿಂದಾಚೆ ಒಳಗಿನ ಊರಿನವಳು, ಮನೆಮಾತು ಅರೆಭಾಷೆ. ಹನ್ನೊಂದು ವರ್ಷ ನನ್ನ ಜೊತೆಗಿದ್ದಳು. ವಾರವಿಡೀ ನರ್ಸರಿಯ ಕೋಣೆಯಲ್ಲಿ ಉಳಿದು ಶನಿವಾರ ಸಂಜೆ ಊರಿನ ಬಸ್ ಹಿಡಿಯುತ್ತಿದ್ದಳು. ನಮ್ಮಲ್ಲಿ ಕೆಲಸ ಕಡಿಮೆ ಇದ್ದ ದಿನ ಬೆನ್ನಿಗೆ ಸ್ಪ್ರೇ ಕ್ಯಾನ್ ಕಟ್ಟಿಕೊಂಡು ಅಕ್ಕಪಕ್ಕದ ರಬ್ಬರ್ ತೋಟಗಳಿಗೆ ಕಳೆ ಸಾಯಿಸುವ ಕಳೆಮದ್ದು ಬಿಡಲೂ ಹೋಗುತ್ತಿದ್ದಳು. ಗಂಡಸರಿಗಿಂತ ನೀಟಾಗಿ ಬಿಡುತ್ತಾಳೆ ಎಂದು ತೋಟದವರೇ ಕರೆಯುತ್ತಿದ್ದರು.

ಆದರೆ ಅವಳ ಹೆಸರು ಇದ್ದದ್ದು ಕೈಗುಣಕ್ಕೆ. ಅವಳ ಊರಿನಲ್ಲಿ ಯಾರು ಬಸಳೆ ಚಪ್ಪರ ಹಾಕಲಿ, ಅಲಸಂಡೆ ಬಿತ್ತಲಿ, ಸೌತೆ ಸಾಲು ಮಾಡಲಿ, ಮೊದಲ ಬೀಜ ಇವಳ ಕೈಯಿಂದ ಬೀಳಬೇಕು. ಹೊಸ ಮನೆಗೆ ಮೊದಲ ತೆಂಗಿನ ಸಸಿ ಇಡಲು ಇವಳು ಬರುವವರೆಗೆ ಕಾದವರಿದ್ದಾರೆ. ಅದಕ್ಕೆ ಅವಳು ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಒಂದು ಲೋಟ ಚಾ ಕುಡಿದು ಬರುತ್ತಿದ್ದಳು. ಆಸ್ತಿ ಇಲ್ಲ, ಗಂಡ ಇಲ್ಲ, ಮಗಳನ್ನು ಮದುವೆ ಮಾಡಿ ಕೊಟ್ಟಾಗಿದೆ. ಊರು ಅವಳನ್ನು ಹುಡುಕಿಕೊಂಡು ಬರುತ್ತಿದ್ದದ್ದು ಆ ಒಂದು ಕೈಗೆ. ನಾನಿದನ್ನೆಲ್ಲ ಅಷ್ಟು ನಂಬುವವಳಲ್ಲ. ಆದರೂ ನನ್ನ ನರ್ಸರಿಯಲ್ಲಿ ಮೊದಲ ಗಿಡ ಅವಳೇ ನೆಡುತ್ತಿದ್ದಳು.

ನೀರು ನಿಲ್ಲಿಸಿದರೂ ಹಳದಿ ನಿಲ್ಲಲಿಲ್ಲ. ನಾಲ್ಕನೇ ದಿನ ಕಡಬದ ದಾರಿ ಹಿಡಿದೆ.

ಹೋಗಿ ನೋಡಿದರೆ, ಅಯ್ಯೋ ದೇವರೇ, ಅಂಗಳದಲ್ಲಿ ಪಟ್ಟೆ ಎಳೆದಿತ್ತು! ಪ್ರತಿ ಕಾಲುದಾರಿಯ ಎರಡೂ ಬದಿಗೆ ಒಂದು ಕೈ ಚಾಚಿದಷ್ಟು ಅಗಲಕ್ಕೆ ಹಳದಿ. ಎರಡು ದಾರಿಗಳ ನಡುವೆ, ಕೈ ಎಟುಕದ ಕಡೆ, ಸಪೂರಕ್ಕೆ ಹಸಿರು. ಹಸಿರಿನ ಒಳಗೆ ಗಿಡ ಹೂ ಬಿಟ್ಟು ನಗುತ್ತಿತ್ತು. ಹಳದಿಯ ಒಳಗೆ ಕೆಳಗಿನ ಎಲೆಗಳು ಅಂಚಿನಿಂದ ಬಿಳಿಚಿ, ಕಾಗದದ ಹಾಗೆ ಒಣಗಿ ಉದುರುತ್ತಿದ್ದವು.

ಉಮ್ಮ ಕುರ್ಚಿಯಿಂದಲೇ ಕೈ ತೋರಿಸಿದರು. “ನಿನ್ನೆ ಆ ಕಲ್ಲಿನ ಹತ್ರ ಇತ್ತು ಮಗಳೇ, ಇವತ್ತು ಇಲ್ಲಿಗೆ ಬಂದಿದೆ. ನಾನು ದಿನಾ ನೋಡ್ತಾ ಕೂತಿದ್ದೇನೆ. ನನ್ನ ಕಡೆಗೇ ಬರ್ತಾ ಉಂಟು.”

“ಎಂತದೂ ಬರುದಿಲ್ಲ ಉಮ್ಮ, ಗಿಡದ ಸಣ್ಣ ಕಾಯಿಲೆ,” ಎಂದೆ. ಅಷ್ಟು ನೆಟ್ಟಗೆ ಅಳತೆ ಹಿಡಿದು ಬರುವ ಕಾಯಿಲೆಯನ್ನು ನಾನು ಅದುವರೆಗೆ ನೋಡಿರಲಿಲ್ಲ.

ಕ್ರಮದಲ್ಲಿ ಶುರುಮಾಡಿದೆ. ಮೂರು ಕಡೆಯಿಂದ ಗಿಡ ಕಿತ್ತು ಬೇರು ತೊಳೆದೆ. ಕೊಳೆತಿದ್ದರೆ ಬೇರಿನ ಸಿಪ್ಪೆ ಬೆರಳಿಗೆ ಜಾರಿ ಬರುತ್ತದೆ, ವಾಸನೆ ಹೊಡೆಯುತ್ತದೆ. ಇಲ್ಲಿ ಬೇರು ಬೆಳ್ಳಗೆ, ಗಟ್ಟಿ, ಗಂಟುಗಳೂ ಇಲ್ಲ. ಅರ್ಧ ಅಡಿ ಅಗೆದೆ, ಬೇರುಹುಳ ಇಲ್ಲ. ಒರಲೆ ಇಲ್ಲ. ಮಣ್ಣನ್ನು ನೀರಿನಲ್ಲಿ ಕದಡಿ ಹುಳಿ ಎಷ್ಟು ಎಂದು ಬಣ್ಣ ಬದಲಾಗುವ ಕಾಗದ ಅದ್ದಿ ನೋಡಿದೆ. ನಮ್ಮ ಕಡೆಯ ಮಣ್ಣು ಎಷ್ಟು ಹುಳಿಯೋ ಅಷ್ಟೇ. ಹಸಿರು ಪಟ್ಟಿಯ ಮಣ್ಣಿಗೂ ಹಳದಿ ಪಟ್ಟಿಯ ಮಣ್ಣಿಗೂ ವ್ಯತ್ಯಾಸ ಇಲ್ಲ. ಬಾವಿಯ ನೀರು ಕುಡಿದು ನೋಡಿದೆ, ಸಿಹಿ. ಬೇರು ಗಟ್ಟಿಯಾಗಿದ್ದು ಎಲೆ ಮಾತ್ರ ಸಾಯುತ್ತಿದೆ ಎಂದರೆ ಅದು ಮಣ್ಣಿನ ರೋಗ ಅಲ್ಲ, ಯಾರೋ ಏನೋ ಕೊಟ್ಟದ್ದು.

ಅಷ್ಟು ಗೊತ್ತಾದ ಮೇಲೆ ಅಲ್ಲೇ ನಿಂತು ಯೋಚಿಸಬೇಕಿತ್ತು. ನಿಲ್ಲಲಿಲ್ಲ. ಹಾಜಿಯವರ ಎದುರು ಕೈ ಚೆಲ್ಲಿ ನಿಲ್ಲುವುದು ನನಗೆ ಆಗುತ್ತಿರಲಿಲ್ಲ. ಸತ್ತ ಗಿಡ ತೆಗೆಸಿ, ಒಂದು ಪಟ್ಟಿಗೆ ಹೊಸ ಗಿಡ ನೆಡಿಸಿದೆ. ಈ ಸಲ ಶಕ್ತಿ ಬರಲಿ ಎಂದು ಗುಳಿಗೇ ಎರಡೆರಡು ಮುಷ್ಟಿ ಹಟ್ಟಿಗೊಬ್ಬರ ಹಾಕಿಸಿದೆ. ನಮ್ಮದೇ ದನದ ಹಟ್ಟಿಯದ್ದು. ಮಳೆಗೆ ಸತ್ವ ತೊಳೆದು ಹೋಗಬಾರದೆಂದು ಟರ್ಪಾಲು ಹೊದಿಸಿ ಇಟ್ಟ ರಾಶಿ. ಕಪ್ಪಗೆ, ಪುಡಿಪುಡಿ, ಕೈಯಲ್ಲಿ ಹಿಡಿದರೆ ಖುಷಿಯಾಗುವಂಥದ್ದು.

ಹೊಸ ಗಿಡ ಹಳೆಯದಕ್ಕಿಂತ ಬೇಗ ಸತ್ತಿತು.

ಆ ದಿನ ಬೆಳಿಗ್ಗೆ ಹತ್ತು ಗಂಟೆಯ ಹೊತ್ತು. ಸಿಟೌಟಿನಲ್ಲಿ ಉಮ್ಮ, ಮೆಟ್ಟಿಲಿನ ಮೇಲೆ ಹಾಜಿಯವರು. ಅಂಗಳದಲ್ಲಿ ನಮ್ಮ ಕೆಲಸದ ಇನ್ನಿಬ್ಬರು ಹೆಂಗಸರು, ನೆಡುವವಳು, ನಾನು. ಕಾಲುದಾರಿಯ ಕಲ್ಲಿನ ಮೇಲೆ ನಿಂತು ಪಟ್ಟೆಗಳನ್ನು ನೋಡುತ್ತಿದ್ದೆ. ಥಟ್ಟನೆ ಹೊಳೆಯಿತು. ಕಲ್ಲಿನ ಮೇಲೆ ನಿಂತು ಬೆನ್ನಿನ ಕ್ಯಾನಿನಿಂದ ಸ್ಪ್ರೇ ಮಾಡಿದರೆ ನೀರು ಬೀಳುವುದು ಸರಿಯಾಗಿ ಈ ಅಗಲಕ್ಕೆ. ನೆಟ್ಟು ಹತ್ತು ದಿನಕ್ಕೆ ಅವಳ ಕ್ಯಾನಿನಿಂದಲೇ ಗಿಡಗಳಿಗೆ ಗಂಜಳದ ನೀರು ಹೊಡೆಸಿದ್ದೆ. ಅಂಚಿನಿಂದ ಬಿಳಿಚುವ ಎಲೆ ಕಳೆಮದ್ದಿನ ಗುರುತು, ಅದು ನನಗೆ ಗೊತ್ತಿತ್ತು.

“ಮಾರಾಯ್ತಿ, ಇಲ್ಲಿ ಬಾ. ಕ್ಯಾನಿನಲ್ಲಿ ಎಂತ ಇತ್ತು?”

“ಗಂಜಳ ಅಕ್ಕ. ನೀವೇ ಹೇಳಿದ್ದಲ್ವಾ?”

“ಅದಕ್ಕೆ ಮೊದಲು?”

ಅವಳು ಸುಳ್ಳು ಹೇಳುವವಳಲ್ಲ. “ರಬ್ಬರ್ ತೋಟದ್ದು, ಕಳೆಮದ್ದು. ಆದ್ರೆ ಮೂರು ಸಲ ತೊಳ್ದಿದ್ದೇನೆ. ಸೋಪು ಹಾಕಿ ತೊಳ್ದಿದ್ದೇನೆ.”

“ತೊಳ್ದಿದ್ದರೆ ಹೀಗೆ ಆಗ್ತದಾ?”

“ನಾನು ತೊಳ್ದಿದ್ದೇನೆ ಅಕ್ಕ.”

ಅಲ್ಲಿಗೆ ನಿಲ್ಲಿಸಬಹುದಿತ್ತು. ಹಾಜಿಯವರು ನೋಡುತ್ತಿದ್ದರು. ತಪ್ಪು ನನ್ನದಲ್ಲ ಎಂದು ಅವರಿಗೆ ಗೊತ್ತಾಗಬೇಕಿತ್ತು. ಸತ್ತ ಗಿಡದ ಕಡೆ ಕೈ ಮಾಡಿ ಹೇಳಿದೆ: “ಕೈಗುಣ ಕೈಗುಣ ಅಂತ ಊರೆಲ್ಲ ಹೇಳ್ತದೆ. ನೋಡು, ಇದಾ ನಿನ್ನ ಕೈಗುಣ!”

ಅವಳು ಏನೋ ಹೇಳಲು ಬಾಯಿ ತೆರೆದಳು. ಉಮ್ಮನ ಕಡೆ ನೋಡಿದಳು, ಹಾಜಿಯವರ ಕಡೆ ನೋಡಿದಳು, ನನ್ನನ್ನು ನೋಡಿದಳು. ಮತ್ತೆ ಬಾಯಿ ಮುಚ್ಚಿದಳು. ನಳ್ಳಿಯ ಹತ್ತಿರ ಹೋಗಿ ಎರಡೂ ಕೈಯನ್ನು ಬಹಳ ಹೊತ್ತು ತೊಳೆದಳು. ಚೀಲ ತೆಗೆದುಕೊಂಡು ಗೇಟು ದಾಟಿ ಹೋದಳು. ಕ್ಯಾನ್ ಗೋಡೆಯ ಬದಿಗೇ ಉಳಿಯಿತು.

“ಹಾಗೆ ಹೇಳ್ಬಾರದಿತ್ತು,” ಎಂದರು ಉಮ್ಮ. ನಾನು ಬಗ್ಗಿ ಸತ್ತ ಗಿಡಗಳನ್ನು ಕೀಳತೊಡಗಿದೆ.

ಇಬ್ಬರು ಹೆಂಗಸರಲ್ಲಿ ಒಬ್ಬಳು ಸುಳ್ಯದ ಬಸ್ಸಿನಲ್ಲಿ ಬಂದುಹೋಗುವವಳು, ನೆಡುವವಳ ಊರ ಕಡೆಯವಳು. ಆ ಮಾತು ಅದೇ ಸಂಜೆ ಊರು ಸೇರಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ನನ್ನ ಬಾಯಿಂದ ಎರಡೂ ಒಟ್ಟಿಗೆ ಹೋಗಿತ್ತು. ಮೊದಲ ವಾರ ನನಗೆ ಏನೂ ಅನ್ನಿಸಲಿಲ್ಲ. ನಾಲ್ಕು ದಿನ ಮುನಿಸಿಕೊಂಡು ಬರುತ್ತಾಳೆ ಎಂದೇ ಲೆಕ್ಕ. ಎರಡನೇ ವಾರ ಅವಳ ಕೋಣೆಯ ಬಾಗಿಲು ತೆರೆದು ನೋಡಿದೆ. ಸೀರೆ, ಬಟ್ಟಲು, ಬಾಚಣಿಗೆ ಎಲ್ಲ ಯಾವಾಗಲೋ ಬಂದು ತೆಗೆದುಕೊಂಡು ಹೋಗಿದ್ದಳು. ಗುಡಿಸಿ ಹೋಗಿದ್ದಳು.

ಮೂರನೇ ಸಲ ನಾನೇ ನೆಟ್ಟೆ. ಸೊಂಟ ಬಿದ್ದುಹೋಗುವವರೆಗೆ ಕುಕ್ಕರಗಾಲಿನಲ್ಲಿ ಕೂತು, ಪ್ರತಿ ಗುಳಿಗೂ ನನ್ನ ಕೈಯಿಂದಲೇ ಗೊಬ್ಬರ ಹಾಕಿ ನೆಟ್ಟೆ. ಕ್ಯಾನ್ ಮುಟ್ಟಲಿಲ್ಲ. ಗಂಜಳ ಇಲ್ಲ, ಬರೀ ಬಾವಿ ನೀರು. ಈಗ ನೋಡುವ ಎಂದುಕೊಂಡೆ.

ಹದಿನೈದು ದಿನ ಗಿಡ ಚೆನ್ನಾಗಿತ್ತು. ಆಮೇಲೆ ಒಂದು ಬೆಳಿಗ್ಗೆ ಹಾಜಿಯವರು ಫೋಟೊ ಕಳಿಸಿದರು. ಕೆಳಗೆ ಏನೂ ಬರೆದಿರಲಿಲ್ಲ. ನನ್ನ ಕೈಯಿಂದ ನೆಟ್ಟ ಗಿಡಗಳ ಎಲೆಯಂಚು ಬೆಳ್ಳಗಾಗಿತ್ತು.

ಆ ಫೋಟೊವನ್ನು ಎಷ್ಟು ಸಲ ದೊಡ್ಡದು ಮಾಡಿ ನೋಡಿದೆನೋ. ಹೆದರಿಕೆಯಾಯಿತು, ಹೇಳಿಬಿಡುತ್ತೇನೆ. ಗಿಡ ಸತ್ತದ್ದಕ್ಕಲ್ಲ. ಆ ಕ್ಯಾನ್ ಅಲ್ಲದಿದ್ದರೆ ನಾನು ಆ ದಿನ ಹೇಳಿದ್ದು ಏನು ಎನ್ನುವ ಹೆದರಿಕೆ. ಚಾ ಕುಡಿಯುವಾಗ, ತೊಟ್ಟೆ ಎಣಿಸುವಾಗ, ಗಿರಾಕಿಗಳ ಹತ್ತಿರ ಮಾತಾಡುವಾಗ ನಳ್ಳಿಯ ಕೆಳಗೆ ಅವಳು ಕೈ ತೊಳೆಯುವುದೇ ಕಣ್ಣಿಗೆ ಕಟ್ಟುತ್ತಿತ್ತು. ಗಿರಾಕಿಗಳು ಎರಡು ಸಲ ಕೇಳಿದ ಮೇಲೆ ಉತ್ತರ ಕೊಡುತ್ತಿದ್ದೆ.

ಪುತ್ತೂರಿನಲ್ಲಿ ಗಿಡದ ರೋಗ ನೋಡುವುದರಲ್ಲೇ ಆಯುಷ್ಯ ಕಳೆದು ನಿವೃತ್ತರಾದ ಒಬ್ಬ ಅಧಿಕಾರಿ ಇದ್ದಾರೆ. ಸತ್ತ ಗಿಡಗಳನ್ನು ಪೇಪರಿನಲ್ಲಿ ಸುತ್ತಿ ಅವರ ಮನೆಗೆ ಹೋದೆ. ಅವರು ಕನ್ನಡಕ ಹಣೆಗೇರಿಸಿ ಎಲೆಯನ್ನು ಬೆಳಕಿಗೆ ಹಿಡಿದರು.

“ಕಳೆಮದ್ದು. ಅದರಲ್ಲಿ ನಿಮಗೆ ಸಂಶಯ ಬೇಡ. ಬೇರಿನಿಂದ ಹೀರಿದ್ದು, ಮೇಲಿಂದ ಬಿದ್ದದ್ದಲ್ಲ. ಮಣ್ಣಿನಲ್ಲಿ ತಿಂಗಳುಗಟ್ಟಲೆ ಕೂತಿರುವ ಜಾತಿಯದ್ದು. ಎಲ್ಲಿಂದ ಬಂತು?”

“ಅದನ್ನೇ ಕೇಳುವ ಅಂತ ಬಂದದ್ದು ಸರ್. ಎಲ್ಲರನ್ನೂ ವಿಚಾರಿಸಿ ಆಯ್ತು.”

“ಮನುಷ್ಯರನ್ನು ವಿಚಾರಿಸಿದ್ದು ಸಾಕು. ಅಲಸಂಡೆಯನ್ನು ಕೇಳಿ.”

ಅಲಸಂಡೆಯನ್ನು ಕೇಳುವುದು ಹೇಗೆಂದು ಅವರೇ ಹೇಳಿಕೊಟ್ಟರು. ಅನುಮಾನ ಇರುವ ಒಂದೊಂದನ್ನೂ ಒಂದೊಂದು ಕುಂಡಕ್ಕೆ ಹಾಕಿ ಬೀಜ ಬಿತ್ತಬೇಕು. ಮೊಳಕೆ ನೋಡಿ ಮೋಸ ಹೋಗಬಾರದು. ಮೊಳಕೆ ಬರುವುದು ಬೀಜದೊಳಗಿನ ಬುತ್ತಿಯಿಂದ. ಬುತ್ತಿ ಮುಗಿದು, ಎಲೆ ತನ್ನ ಅನ್ನ ತಾನೇ ಬೇಯಿಸಿಕೊಳ್ಳಲು ಹೊರಟಾಗ ಈ ಮದ್ದು ಹಿಡಿಯುತ್ತದೆ. ಎರಡು ವಾರ ಕಾಯಬೇಕು.

ಏಳು ಕುಂಡ ಇಟ್ಟೆ. ಹೊಳೆಯ ಮರಳನ್ನು ತೊಳೆದು ಎಲ್ಲಕ್ಕೂ ತುಂಬಿಸಿದೆ. ಒಂದಕ್ಕೆ ಹಾಜಿಯವರ ಬಾವಿ ನೀರು ಮಾತ್ರ. ಒಂದಕ್ಕೆ ಹಳದಿ ಪಟ್ಟಿಯ ಮಣ್ಣು ಬೆರೆಸಿದೆ, ಒಂದಕ್ಕೆ ಹಸಿರು ಪಟ್ಟಿಯದ್ದು, ಒಂದಕ್ಕೆ ಗೇಟಿನ ಹೊರಗಿನ ರಸ್ತೆ ಬದಿಯದ್ದು. ಐದನೆಯದಕ್ಕೆ ಗಂಜಳದ ನೀರು. ಆರನೆಯದಕ್ಕೆ ಅವಳ ಕ್ಯಾನನ್ನು ಕುಲುಕಿ ತೊಳೆದ ನೀರು. ಏಳನೆಯದಕ್ಕೆ ನಮ್ಮ ಹಟ್ಟಿಗೊಬ್ಬರ ಬೆರೆಸಿದೆ. ಅನುಮಾನಕ್ಕೆ ಇಟ್ಟದ್ದಲ್ಲ ಅದು. ಒಳ್ಳೆಯ ಗಿಡ ಎಂದರೆ ಹೇಗಿರಬೇಕೆಂದು ಪಕ್ಕದಲ್ಲಿ ನೋಡಲು ಒಂದು ಬೇಕಲ್ಲ, ಅದಕ್ಕೆ ಇಟ್ಟದ್ದು. ನನ್ನ ಗೊಬ್ಬರದ ಮೇಲೆ ನನಗಿದ್ದ ಅಭಿಮಾನ ಅಷ್ಟು.

ಮೂರನೇ ದಿನ ಏಳರಲ್ಲೂ ಮೊಳಕೆ. ಒಂದನೇ ವಾರ ಏಳೂ ಹಸಿರು. ಏಳನೆಯದು ಎಲ್ಲಕ್ಕಿಂತ ದಪ್ಪ, ಎಲ್ಲಕ್ಕಿಂತ ಎತ್ತರ. ದಿನಾ ಬೆಳಿಗ್ಗೆ ಹಲ್ಲುಜ್ಜುವ ಮೊದಲು ಹೋಗಿ ಆರನೇ ಕುಂಡ ನೋಡುತ್ತಿದ್ದೆ. ಸಾಯಲಿ ಎಂದು ಬೇಡಿಕೊಂಡದ್ದೂ ಉಂಟು. ಅದು ಸತ್ತರೆ ನಾನು ಗೆದ್ದೆ. ಒಂದು ಅಲಸಂಡೆ ಗಿಡ ಸಾಯಲಿ ಎಂದು ಬೇಡಿಕೊಂಡವಳು ನಾನು, ಗಿಡ ಮಾರಿ ಬದುಕುವವಳು.

ಹನ್ನೊಂದನೇ ದಿನ ಏಳನೇ ಕುಂಡದ ಎಲೆಯ ಅಂಚು ಬಿಳಿಚಿತು. ಕಣ್ಣಿನ ದೋಷ ಎಂದುಕೊಂಡು ಕುಂಡವನ್ನು ಬಿಸಿಲಿಗೆ ತಂದೆ. ಹದಿಮೂರನೇ ದಿನಕ್ಕೆ ಅದು ಸತ್ತೇಹೋಯಿತು. ಹಳದಿ ಪಟ್ಟಿಯ ಮಣ್ಣಿನದ್ದು ಅದರ ಹಿಂದೆಯೇ ಹೋಯಿತು. ಉಳಿದ ಐದು ಬದುಕಿದವು. ಕ್ಯಾನಿನ ನೀರು ಕುಡಿದ ಅಲಸಂಡೆ ಬಳ್ಳಿ ಬಿಟ್ಟು ಪಕ್ಕದ ಕೋಲು ಹಿಡಿದಿತ್ತು.

ಒಪ್ಪಿಕೊಳ್ಳಲಿಲ್ಲ. ಹೊಸ ಬೀಜ, ಹೊಸ ಮರಳು ತಂದು ಗೊಬ್ಬರದ ರಾಶಿಯ ಮೂರು ಕಡೆಯಿಂದ ತೆಗೆದು ಮತ್ತೆ ಹಾಕಿದೆ. ಮತ್ತೆ ಅದೇ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಬೇರೆಯವರ ಎಲೆಯ ನೊಣ ಹುಡುಕಿದರಂತೆ. ಆ ಗಾದೆಯನ್ನು ಎಷ್ಟು ಜನರಿಗೆ ಹೇಳಿ ನಕ್ಕಿದ್ದೆನೋ, ಈಗ ನನಗೇ ಹೇಳಿಕೊಂಡೆ. ನಗು ಬರಲಿಲ್ಲ.

ಗೊಬ್ಬರದೊಳಗೆ ಕಳೆಮದ್ದು ಹೇಗೆ ಬಂತು? ಟರ್ಪಾಲು ಎತ್ತಿ ರಾಶಿಯನ್ನು ಕೆದಕಿದೆ. ನಡುವೆ ಇನ್ನೂ ಕರಗದ ಒಣಹುಲ್ಲಿನ ದಂಟುಗಳು ಸಿಕ್ಕಿದವು. ಆ ದಂಟು ಕೈಯಲ್ಲಿ ಹಿಡಿದು ನಿಂತಾಗ ಎಲ್ಲ ನೆನಪಾಯಿತು.

ನಮ್ಮ ಕಡೆ ಹಟ್ಟಿಯಲ್ಲಿ ದನದ ಕಾಲಡಿಗೆ ಸೊಪ್ಪು ಹಾಸುವುದು ಕ್ರಮ. ಗುಡ್ಡೆಗೆ ಹೋಗಿ ಸೊಪ್ಪು ಕಡಿದು ತರಬೇಕು. ಈಗ ಸೊಪ್ಪು ಕಡಿಯುವವರು ಸಿಗುವುದಿಲ್ಲ. ಮಳೆಗಾಲದ ಕೊನೆಗೆ, ಸೋಣ ತಿಂಗಳಿನಲ್ಲಿ, ನಾಲ್ಕು ದಿನ ಬಿಸಿಲು ಬಂದಾಗ ಪಕ್ಕದ ರಬ್ಬರ್ ತೋಟದಲ್ಲಿ ಒಣಗಿದ ಕಳೆಯನ್ನು ಗುಡ್ಡೆ ಹಾಕಿದ್ದರು. ಬೇಕಾದರೆ ಕೊಂಡುಹೋಗಿ ಎಂದರು. ಎರಡು ಪಿಕಪ್ ತರಿಸಿ ಹಟ್ಟಿಗೆ ಹಾಸಿದೆ. ಅದನ್ನು ಇಳಿಸುವಾಗ ನೆಡುವವಳು ಕೈಯಲ್ಲಿ ನೀರಿನ ಪೈಪು ಹಿಡಿದು ಅಲ್ಲಿಯೇ ನಿಂತಿದ್ದಳು.

“ಅಕ್ಕ, ಅದು ಹಟ್ಟಿಗೆ ಬೇಡ. ಅಲ್ಲಿಗೆ ಮದ್ದು ಬಿಟ್ಟದ್ದು ನಾನೇ. ಗಟ್ಟಿ ಮದ್ದು ಅದು.”

“ಒಣಗಿ ಕಡ್ಡಿಯಾದ ಮೇಲೆ ಎಂತ ಮದ್ದು ಮಾರಾಯ್ತಿ? ನೀನು ನೀರು ಬಿಡು.”

ಅವಳು ನೀರು ಬಿಡಲು ಹೋದಳು. ಆ ಹಾಸು ಸೆಗಣಿಯ ಜೊತೆ ರಾಶಿ ಸೇರಿತು, ಟರ್ಪಾಲಿನ ಅಡಿಯಲ್ಲಿ ಮಳೆಯೂ ತಾಗದೆ ಹಾಗೆಯೇ ಕೂತಿತು. ಆ ರಾಶಿಯನ್ನು ಮೊದಲು ಒಡೆದದ್ದು ಕೋಡಿಂಬಾಳದ ಕೆಲಸಕ್ಕೆ. ಗಂಜಳ ಹೊಡೆದ ವಾರವೇ ಅದೇ ಕಾಲುದಾರಿಯ ಮೇಲೆ ನಿಂತು ಗೊಬ್ಬರವನ್ನೂ ಎರಚಿಸಿದ್ದೆ, ಕೈ ಎಟುಕುವಷ್ಟು ಅಗಲಕ್ಕೆ. ಈ ಮಾತೆಲ್ಲ ಆ ದಿನ ಅಂಗಳದಲ್ಲಿ ನಿಂತಾಗ ನನಗೆ ಮರೆತೇ ಹೋಗಿತ್ತಾ, ಮರೆತ ಹಾಗೆ ಮಾಡಿಕೊಂಡೆನಾ? ಎಷ್ಟು ಕೇಳಿಕೊಂಡರೂ ಇವತ್ತಿನವರೆಗೆ ಉತ್ತರ ಸಿಕ್ಕಿಲ್ಲ. ನನಗೆ ನನ್ನ ಮೇಲೆ ಹೇಸಿಗೆಯಾಯಿತು.

ಎರಡು ದಾರಿ ಇತ್ತು. ಮಣ್ಣಿನ ದೋಷ ಎಂದು ಹೇಳಿ, ಮೇಲ್ಮಣ್ಣು ತೆಗೆಸಿ, ಇದ್ದಿಲ ಪುಡಿ ಬೆರೆಸಿ ಬೇರೆ ಗಿಡ ಹಾಕಿದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ನಿವೃತ್ತ ಅಧಿಕಾರಿ ಹೇಳಿದ ಮದ್ದೂ ಅದೇ, ಇದ್ದಿಲು ವಿಷವನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಂದು ದಿನ ಪೂರ್ತಿ ಹಾಗೆಯೇ ಮಾಡುವ ಎಂದುಕೊಂಡಿದ್ದೆ, ಸುಳ್ಳು ಯಾಕೆ ಹೇಳಲಿ. ಮಾರನೇ ದಿನ ಏಳೂ ಕುಂಡಗಳನ್ನು ಪಿಕಪ್ಪಿನಲ್ಲಿಟ್ಟುಕೊಂಡು ಕೋಡಿಂಬಾಳಕ್ಕೆ ಹೋದೆ. ಸಿಟೌಟಿನಲ್ಲಿ ಸಾಲಾಗಿ ಇಟ್ಟು ಒಂದೊಂದನ್ನೂ ತೋರಿಸಿ ಹೇಳಿದೆ. ಆ ಇಬ್ಬರು ಹೆಂಗಸರನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡೇ ಹೇಳಿದೆ.

ಹಾಜಿಯವರು ಸತ್ತ ಅಲಸಂಡೆಯನ್ನು ನೋಡಿದರು. “ಗಿಡ ಹೋದರೆ ಇನ್ನೊಂದು ನೆಡುವ ಮೇಡಂ, ಅದಕ್ಕೆಂತ? ಆ ಹೆಂಗಸಿಗೆ ಹೇಳಿದ್ರಾ?”

“ಇಲ್ಲ.”

ಉಮ್ಮ ನನ್ನ ಮುಖ ನೋಡಲಿಲ್ಲ. “ಎಲ್ಲರ ಎದುರು ಬೈದದ್ದು ನೀನು. ಅಲ್ಲಿ ಹೋಗಿ ಎಲ್ಲರ ಎದುರೇ ಹೇಳು ಮಗಳೇ. ಒಬ್ಬಳ ಕಿವಿಯಲ್ಲಿ ಹೇಳಿ ಬರ್ಬೇಡ.”

ಸುಳ್ಯದಿಂದ ಇನ್ನೊಂದು ಬಸ್, ಅದರಿಂದ ಇಳಿದು ಮಣ್ಣಿನ ದಾರಿ. ಕ್ಯಾನನ್ನು ತೊಳೆದು, ಬೆಲ್ಟಿಗೆ ಹೊಸ ಬಕಲ್ ಹಾಕಿಸಿ ಹೆಗಲಿಗೆ ಹಾಕಿಕೊಂಡಿದ್ದೆ. ಅವಳ ಮನೆ ಕಂಡಾಗ ಗುರುತು ಹಿಡಿಯಲು ಆಗಲಿಲ್ಲ. ಹಿಂದೊಮ್ಮೆ ಬಂದಿದ್ದಾಗ ಮನೆ ಕಾಣದಷ್ಟು ಬಸಳೆ, ತೊಂಡೆ, ದಾಸವಾಳ ಇತ್ತು. ಈಗ ಅಂಗಳ ಗುಡಿಸಿ ಬೋಳಾಗಿತ್ತು. ಚಪ್ಪರದ ಗೂಟಗಳು ಮಾತ್ರ ನಿಂತಿದ್ದವು.

ಅವಳು ಸುಳ್ಯದ ಒಂದು ಹಾಸ್ಟೆಲಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಕೆಲಸಕ್ಕೆ ಸೇರಿದ್ದಳು. ಅವತ್ತು ರಜೆ. ನನ್ನನ್ನು ಕಂಡು, “ಬನ್ನಿ ಅಕ್ಕ, ಕೂತ್ಕೊಳ್ಳಿ,” ಎಂದಳು, ಹಿಂದೆ ಹೇಳುತ್ತಿದ್ದ ಹಾಗೆಯೇ. ನೀರು ತಂದುಕೊಟ್ಟಳು. ಕೂರಲಿಲ್ಲ. ಅಕ್ಕಪಕ್ಕದ ನಾಲ್ಕು ಮನೆಯ ಹೆಂಗಸರನ್ನು ನಾನೇ ಹೋಗಿ ಕರೆದುಕೊಂಡು ಬಂದೆ. ಬೋಳು ಅಂಗಳದಲ್ಲಿ ನಿಂತು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಗೊಬ್ಬರ ನನ್ನದು, ಬೇಡ ಎಂದವಳು ಇವಳು, ಕೇಳದವಳು ನಾನು, ಬೈದವಳೂ ನಾನು. ಹೇಳುವಾಗ ನನ್ನ ಬಾಯಿ ಯಾವತ್ತಿನಷ್ಟು ಜೋರಿರಲಿಲ್ಲ.

ಹೆಂಗಸರು ಕೇಳಿದರು, ತಲೆ ಆಡಿಸಿದರು. ಅವರಲ್ಲಿ ವಯಸ್ಸಾದವರೊಬ್ಬರು, “ಸರಿ ಬಿಡಿ. ಗೊತ್ತಾಯ್ತಲ್ಲ, ಒಳ್ಳೇದಾಯ್ತು,” ಎಂದರು. ಸೆರಗು ಸರಿಮಾಡಿಕೊಳ್ಳುತ್ತಾ, “ಆದ್ರೂ ಈ ಸಲ ಅಲಸಂಡೆ ಹಾಕಿ ಆಯ್ತು ನಾವು. ಮೇಲಿನ ಮನೆಯವಳು ಹಾಕಿಕೊಟ್ಟಳು. ಅವಳದ್ದೂ ಕೈ ಅಡ್ಡಿಯಿಲ್ಲ,” ಎಂದರು. ಒಬ್ಬೊಬ್ಬರೇ ಎದ್ದು ಹೋದರು. ಮುಂದಿನ ಸಲ ನೀನೇ ಬಾ ಎಂದು ಯಾರೂ ಹೇಳಲಿಲ್ಲ.

“ನರ್ಸರಿಗೆ ಬಾ,” ಎಂದೆ. “ನಿನ್ನ ಕೈಯಿಂದಲೇ ಆ ಅಂಗಳ ಮತ್ತೆ ನೆಡುವ. ಉಮ್ಮ ನಿನ್ನನ್ನೇ ಕೇಳಿದರು.”

“ಇಲ್ಲ ಅಕ್ಕ. ಈಗ ಪಾತ್ರೆ ತೊಳೆಯುದು ಅಭ್ಯಾಸ ಆಯ್ತು.” ಅವಳು ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡೇ ಮಾತಾಡುತ್ತಿದ್ದಳು. “ನೀವು ಹೇಳಿದ ಮೇಲೆ ನಾನೂ ನಂಬಿದೆ. ಕ್ಯಾನ್ ತೊಳ್ದದ್ದು ನನಗೆ ಸರಿ ಗೊತ್ತುಂಟು. ಆದ್ರೂ ನಂಬಿದೆ. ಇಲ್ಲಿ ಬಂದು ಬಸಳೆ ಊರಲಿಕ್ಕೆ ಹೋದೆ, ಕೈ ಮುಂದೆ ಹೋಗ್ಲಿಲ್ಲ. ಮಗಳು ಸೌತೆ ಬೀಜ ಹಾಕಿ ಕೊಡಿ ಅಂತ ಹೇಳಿ ಕಳಿಸಿದ್ದಳು. ನೀನೇ ಹಾಕು ಅಂದೆ.”

ಕ್ಯಾನನ್ನು ಅವಳ ಜಗಲಿಯ ಮೇಲಿಟ್ಟೆ. ಅವಳು ಅದರ ಹೊಸ ಬಕಲ್ ಮುಟ್ಟಿ ನೋಡಿ, “ಚೆಂದ ಉಂಟು,” ಎಂದಳು. ನನಗೆ ಕೇಳಲು ಒಂದು ಉಳಿದಿತ್ತು. ಆ ದಂಟು ಕೈಗೆ ಸಿಕ್ಕಿದ ದಿನದಿಂದ ಬಿಡದೆ ಕಾಡಿದ್ದ ಪ್ರಶ್ನೆ.

“ಆ ಒಣಗಿದ ಕಳೆ ಹಟ್ಟಿಗೆ ಬೇಡ ಅಂತ ನೀನು ಮೊದಲೇ ಹೇಳಿದ್ದೆಯಲ್ಲ. ಆ ದಿನ ಅಂಗಳದಲ್ಲಿ ನಾನು ಅಷ್ಟು ಬೈಯುವಾಗ ನಿನಗದು ನೆನಪಾಗ್ಲಿಲ್ವಾ?”

“ನೆನಪಿತ್ತು ಅಕ್ಕ. ಹೇಳುವ ಅಂತಲೇ ಬಾಯಿ ತೆರೆದದ್ದು.”

“ಮತ್ತೆ ಯಾಕೆ ಹೇಳ್ಲಿಲ್ಲ ಮಾರಾಯ್ತಿ?”

ಅವಳು ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ. ಇಷ್ಟೂ ಗೊತ್ತಾಗುವುದಿಲ್ಲವಾ ಎನ್ನುವ ಆಶ್ಚರ್ಯ ಇತ್ತು.

“ಹಾಜಿಯವರು ಇದ್ರಲ್ಲ ಅಕ್ಕ. ಅಷ್ಟು ಜನರ ಎದುರು ನಿಮ್ಮ ಮರ್ಯಾದೆ ತೆಗೆಯುದು ಹೇಗೆ?”